ಕಡಲಾಚೆಯ ರಂಗಸ್ಥಳದಲ್ಲಿ ವಾಲಿಯ ಪ್ರಶ್ನೆ

ಯಲ್ಲಾಪುರದಿಂದ ಅಂಕೋಲೆಯ ದಾರಿ ಹಿಡಿದರೆ ಅರಬೈಲು ಘಟ್ಟ ಇಳಿಯುವ ಮೊದಲು ಇಡಗುಂದಿ ಸಿಗುತ್ತದೆ. ಸುತ್ತ ಕಾಡು, ತಗ್ಗಿನಲ್ಲಿ ಅಡಿಕೆ ತೋಟ, ತೋಟದಂಚಿಗೆ ಅಲ್ಲೊಂದು ಇಲ್ಲೊಂದು ಮನೆ. ಶಿರಸಿ, ಸಿದ್ದಾಪುರ, ಯಲ್ಲಾಪುರ ಸೀಮೆಯ ಇಂಥ ಊರುಗಳಲ್ಲಿ ದೀಪಾವಳಿ ಕಳೆಯಿತೆಂದರೆ ಯಕ್ಷಗಾನದ ಆಟಗಳ ಸುದ್ದಿ ಶುರು. ದೇವಸ್ಥಾನದ ವರ್ಧಂತಿಗೆ ಒಂದು ಆಟ, ಯಾರದೋ ಮನೆಯ ಹರಕೆಗೆ ಇನ್ನೊಂದು. ಮಳೆ ಹಿಡಿದ ಮೇಲೆ ವೇಷವಿಲ್ಲ, ಕುಣಿತವಿಲ್ಲ. ಜಗಲಿಯ ಮೇಲೆ ಕುಳಿತು ಮಾತಿನಲ್ಲೇ ಕುರುಕ್ಷೇತ್ರ ಕಟ್ಟುವ ತಾಳಮದ್ದಳೆ. ಈಗ ಅದೇ ಮನೆಗಳ ಮಕ್ಕಳು ಬೆಂಗಳೂರನ್ನೂ ದಾಟಿ ನ್ಯೂಜೆರ್ಸಿ, ಕ್ಯಾಲಿಫೋರ್ನಿಯಾ, ದುಬೈ, ಮೆಲ್ಬರ್ನ್ ಸೇರಿದ್ದಾರೆ. ಅವರ ಬೆನ್ನಿಗೇ ಆಟವೂ ವಿಮಾನ ಹತ್ತಿದೆ.

ಈ ಪ್ರಯಾಣ ಒಂದು ಹಳೆಯ ಧರ್ಮಪ್ರಶ್ನೆಯನ್ನು ಮತ್ತೆ ಕೆದಕುತ್ತದೆ. ದೇವರಿಗೆಂದು ಆಡುವ ಆಟವನ್ನು ಆ ದೇವರ ಹೆಸರನ್ನೇ ಕೇಳಿರದ ಪ್ರೇಕ್ಷಕರ ಮುಂದೆ ಆಡಿದರೆ ಅದು ಸೇವೆಯಾಗಿ ಉಳಿಯುತ್ತದೆಯೇ, ಬರೀ ಪ್ರದರ್ಶನವಾಗುತ್ತದೆಯೇ?

ಪ್ರಶ್ನೆ ಯಕ್ಷಗಾನಕ್ಕೆ ಮಾತ್ರ ಎದುರಾದದ್ದಲ್ಲ. 2024ರ ಮಾರ್ಚ್ 2ರಂದು ಆಸ್ಟ್ರೇಲಿಯಾದ ರಾಷ್ಟ್ರೀಯ ರಗ್ಬಿ ಲೀಗ್ ತನ್ನ ಋತುವಿನ ಮೊದಲ ಎರಡು ಪಂದ್ಯಗಳನ್ನು ಅಮೆರಿಕದ ಲಾಸ್ ವೇಗಸ್‌ನಲ್ಲಿ ಆಡಿಸಿತು. ಅಲೀಜಿಯಂಟ್ ಕ್ರೀಡಾಂಗಣಕ್ಕೆ 40,746 ಜನ ಬಂದರು. ಹೊಸ ಪ್ರೇಕ್ಷಕರಿಗೆ ಆಟದ ನಿಯಮ ಹೇಳಿಕೊಡಲು ನಟ ರಸೆಲ್ ಕ್ರೋ ಒಂದು ವಿಡಿಯೋದಲ್ಲಿ ಕಾಣಿಸಿಕೊಂಡರು. ಇಂಗ್ಲೆಂಡಿನ ಹಡರ್ಸ್‌ಫೀಲ್ಡ್‌ನ ಹೋಟೆಲೊಂದರಲ್ಲಿ 1895ರಲ್ಲಿ ಹುಟ್ಟಿ, ಗಣಿ ಮತ್ತು ಗಿರಣಿ ಕಾರ್ಮಿಕರ ಊರುಗಳಲ್ಲಿ ಬೆಳೆದ ಆಟ ಅದು. ಸ್ಪೇನಿನ ಫುಟ್‌ಬಾಲ್ ಲೀಗ್ ಇದೇ ದಾರಿ ಹಿಡಿದು ಬಾರ್ಸಿಲೋನಾ ಮತ್ತು ವಿಯ್ಯಾರಿಯಲ್ ತಂಡಗಳ ಪಂದ್ಯವನ್ನು ಮಯಾಮಿಯಲ್ಲಿ ಆಡಿಸಲು ಹೊರಟಾಗ ಕಥೆ ಬೇರೆಯಾಯಿತು. ಆಟಗಾರರು ಪಂದ್ಯ ಶುರುವಾದ ಮೇಲೂ ಕೆಲವು ಕ್ಷಣ ಅಲ್ಲಾಡದೆ ನಿಂತು ಪ್ರತಿಭಟಿಸಿದರು. 2025ರ ಅಕ್ಟೋಬರ್‌ನಲ್ಲಿ ಯೋಜನೆ ರದ್ದಾಯಿತು. ತವರಿನ ಪಂದ್ಯವೆಂಬುದು ವರ್ಷಗಟ್ಟಲೆ ಅದೇ ಮೆಟ್ಟಿಲ ಮೇಲೆ ಕುಳಿತು ನೋಡಿದವರ ಪಾಲು, ಅದನ್ನು ಎತ್ತಿ ಬೇರೆಯವರಿಗೆ ಕೊಡಲು ಬರುವುದಿಲ್ಲ ಎಂಬುದು ಅಭಿಮಾನಿಗಳ ವಾದವಾಗಿತ್ತು. ಹರಕೆಯ ಆಟ ಆಡಿಸಿದ ಯಾವ ಕುಟುಂಬಕ್ಕೂ ಈ ವಾದ ಹೊಸದೆನಿಸದು.

ಹರಕೆ ಎಂಬುದು ಒಬ್ಬರು ಇನ್ನೊಬ್ಬರಿಗೆ ಕೊಟ್ಟ ಮಾತು. ಕಾಯಿಲೆ ವಾಸಿಯಾದರೆ, ಮಗು ಹುಟ್ಟಿದರೆ, ವ್ಯಾಜ್ಯ ತೀರಿದರೆ ಒಂದು ಆಟ ಆಡಿಸುತ್ತೇನೆಂದು ದೇವರಿಗೆ ಹೇಳಿಕೊಂಡದ್ದು. ಮಂದಾರ್ತಿ, ಕಟೀಲು ಕ್ಷೇತ್ರಗಳ ಮೇಳಗಳು ನಡೆಯುವುದೇ ಇಂಥ ಹರಕೆಗಳ ಮೇಲೆ. ಕಟೀಲಿನ ಮೇಳಗಳನ್ನು 2022ರಲ್ಲಿ ಇಡೀ ರಾತ್ರಿಯ ಆಟದಿಂದ ಕಾಲಮಿತಿಗೆ ತಂದಾಗ ಭಕ್ತರು ಬೀದಿಗಿಳಿದು ಕೇಳಿದ್ದೂ ಇದನ್ನೇ. ತಾಯಿಗೆ ಒಪ್ಪಿಸುತ್ತೇನೆಂದದ್ದು ಒಂದು ರಾತ್ರಿಯನ್ನು. ಅದನ್ನು ಮೊಟಕು ಮಾಡುವ ಅಧಿಕಾರ ಯಾರಿಗಿದೆ? ನೋಡಲು ಹತ್ತೇ ಜನ ಉಳಿದಿದ್ದರೂ ಬೆಳಗಿನ ಮಂಗಳದವರೆಗೆ ಆಟ ನಡೆಯಲೇಬೇಕೆಂಬ ನಿಷ್ಠೆ ಬರುವುದು ಮುಖ್ಯ ಪ್ರೇಕ್ಷಕ ಬೇರೆಯೇ ಒಬ್ಬನಿದ್ದಾನೆಂಬ ನಂಬಿಕೆಯಿಂದ.

ಆ ಪ್ರೇಕ್ಷಕ ಇರುವುದೆಲ್ಲಿ ಎಂದು ತಿಳಿಯಲು ಚೌಕಿಗೆ ಹೋಗಬೇಕು. ರಂಗಸ್ಥಳದ ಹಿಂದೆ, ತಡಿಕೆ ಅಥವಾ ಬಟ್ಟೆಯ ಮರೆಯಲ್ಲಿ, ವೇಷದ ಪೆಟ್ಟಿಗೆಗಳು ಸಾಲಾಗಿ ಬಿಚ್ಚಿಕೊಂಡಿರುತ್ತವೆ. ನಡುವೆ ಒಂದು ಪೆಟ್ಟಿಗೆಯ ಮೇಲೆ ಗಣಪತಿ, ಮುಂದೆ ದೀಪ, ಪಕ್ಕದಲ್ಲಿ ಕಿರೀಟ. ಕಲಾವಿದ ಕಾಲಿಗೆ ಗೆಜ್ಜೆ ಕಟ್ಟುವ ಮೊದಲು ಅದನ್ನು ಕಣ್ಣಿಗೊತ್ತಿಕೊಳ್ಳುತ್ತಾನೆ, ಹಣೆಯ ಮೇಲೆ ನಾಮ ತೀಡುವಾಗ ಮಾತು ಕಡಿಮೆ ಮಾಡುತ್ತಾನೆ. ಪೂಜೆಯಾಗಿ, ಪ್ರಸಾದ ಹಂಚಿ, ಭಾಗವತರು ಜಾಗಟೆ ಹಿಡಿದು ಗಣಪತಿಯ ಸ್ತುತಿ ಎತ್ತಿದ ಮೇಲೆಯೇ ರಂಗಸ್ಥಳದ ಕಡೆ ಹೊರಡುವುದು. ಗಮನಿಸಬೇಕಾದ ಸಂಗತಿ ಇಲ್ಲೇ ಇದೆ. ಚೌಕಿಯ ಗಣಪತಿ ಯಾವ ಊರಿಗೂ ಕಟ್ಟುಬಿದ್ದವನಲ್ಲ. ಮೇಳ ಇಂದು ಒಂದೂರಿನಲ್ಲಿದ್ದರೆ ನಾಳೆ ಇನ್ನೊಂದೂರಿನಲ್ಲಿ. ಅವನೂ ಪೆಟ್ಟಿಗೆಯೊಂದಿಗೆ ತಿರುಗಾಟದಲ್ಲಿದ್ದಾನೆ. ಕರಾವಳಿಯ ಮೇಳಗಳು ಘಟ್ಟ ಹತ್ತಿ ಮಲೆನಾಡಿನ ಬಯಲುಗಳಲ್ಲಿ ಆಡಿದ್ದೂ ಆ ಕಾಲಕ್ಕೆ ಹೊಸ ಪ್ರೇಕ್ಷಕರನ್ನು ಹುಡುಕಿದ ಪ್ರಯಾಣವೇ.

ಘಟ್ಟ ಹತ್ತುವುದು ಬೇರೆ, ಕಡಲು ದಾಟುವುದು ಬೇರೆ ಎಂಬ ಮಾತು ಒಂದು ಕಾಲದಲ್ಲಿ ಬಲವಾಗಿತ್ತು. ಬೌಧಾಯನ ಧರ್ಮಸೂತ್ರ ಪತನಕ್ಕೆ ಕಾರಣವಾಗುವ ಕರ್ಮಗಳ ಪಟ್ಟಿಯನ್ನು ಸಮುದ್ರಯಾನದಿಂದಲೇ ಆರಂಭಿಸುತ್ತದೆ. ಅದೇ ಗ್ರಂಥ ಇನ್ನೊಂದೆಡೆ, ಸಮುದ್ರಯಾನ ಉತ್ತರದವರ ಆಚಾರಗಳಲ್ಲಿ ಒಂದೆಂದೂ ದಾಖಲಿಸುತ್ತದೆ. ಶಾಸ್ತ್ರ ಬರೆದವರ ಕಾಲಕ್ಕೇ ಜನ ಕಡಲಿಗಿಳಿಯುತ್ತಿದ್ದರು ಎನ್ನುವುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ. 1888ರಲ್ಲಿ ಮೋಹನದಾಸ ಗಾಂಧಿ ಇಂಗ್ಲೆಂಡಿಗೆ ಹೊರಟಾಗ ಮುಂಬಯಿಯ ಮೋಢ ಬನಿಯಾ ಜಾತಿಯ ಮುಖಂಡರು ಅವರನ್ನು ಜಾತಿಯಿಂದ ಹೊರಗಿಟ್ಟರು. ಕಾಲ ಬದಲಾಯಿತು ಎಂದುಕೊಳ್ಳುವಷ್ಟರಲ್ಲಿ ಈ ಶತಮಾನದಲ್ಲೇ ವಿವಾದ ಉಡುಪಿಯಲ್ಲಿ ಮರಳಿ ಎದ್ದಿತು. ವಿದೇಶಗಳಲ್ಲಿ ಕೃಷ್ಣ ಮಂದಿರಗಳನ್ನು ಸ್ಥಾಪಿಸಿದ ಪುತ್ತಿಗೆ ಮಠದ ಸುಗುಣೇಂದ್ರ ತೀರ್ಥರ ಪರ್ಯಾಯ 2008ರಲ್ಲಿ ಬಂದಾಗ, ಕಡಲು ದಾಟಿದ ಯತಿ ಕೃಷ್ಣನ ವಿಗ್ರಹವನ್ನು ಮುಟ್ಟಿ ಪೂಜಿಸಬಹುದೇ ಎಂಬ ಚರ್ಚೆ ಅಷ್ಟಮಠಗಳನ್ನು ಕಲಕಿತು. ಅವರೇ 2024ರ ಜನವರಿ 18ರಂದು ನಾಲ್ಕನೆಯ ಬಾರಿ ಸರ್ವಜ್ಞ ಪೀಠವನ್ನೇರಿದರು.

ಈ ವಾದದಲ್ಲಿ ಎರಡೂ ಕಡೆ ಶ್ರದ್ಧೆಯಿತ್ತು ಎಂಬುದನ್ನು ಮರೆಯಬಾರದು. ಕಡಲು ದಾಟಬಾರದೆಂದವರ ಭಯ ಉಪ್ಪುನೀರಿನದಷ್ಟೇ ಆಗಿರಲಿಲ್ಲ. ತಿಂಗಳುಗಟ್ಟಲೆ ಹಡಗಿನಲ್ಲಿ ಸಂಧ್ಯಾವಂದನೆಯಿಲ್ಲದೆ, ನಿಯಮದ ಊಟವಿಲ್ಲದೆ, ಕೇಳುವ ಹಿರಿಯರಿಲ್ಲದೆ ಬದುಕಿದವನು ತನ್ನ ಆಚಾರವನ್ನು ಉಳಿಸಿಕೊಂಡಾನೇ ಎಂಬುದು ಅವರ ಆತಂಕ. ಹೋದವರ ಉತ್ತರವೂ ಅಷ್ಟೇ ಸರಳ: ಭಕ್ತರು ಅಲ್ಲಿದ್ದಾರೆ, ಗುರುವೂ ಅಲ್ಲಿಗೆ ಹೋಗಬೇಕು. ಇಂದು ವಿಮಾನ ಹತ್ತುವ ಮೇಳದ ಮುಂದಿರುವುದೂ ಇದೇ ತೂಗಾಟ. ಸಭಾಂಗಣದ ಬಾಡಿಗೆ ಗಂಟೆಯ ಲೆಕ್ಕದಲ್ಲಿ, ಸಮಯ ಎರಡು ಮೂರು ಗಂಟೆ, ಬೆಂಕಿಯ ನಿಯಮಗಳಿಂದಾಗಿ ದೀಪಕ್ಕೂ ಹಲವೆಡೆ ಅನುಮತಿ ಬೇಕು. ರಾಕ್ಷಸವೇಷದ ಪ್ರವೇಶಕ್ಕೆ ದೊಂದಿಯ ಮೇಲೆ ರಾಳದ ಪುಡಿ ಎರಚಿ ಬೆಂಕಿ ಎಬ್ಬಿಸುವ ಮಾತೇ ಇಲ್ಲ. ಎಷ್ಟು ಬಿಟ್ಟರೆ ಆಟ ಉಳಿಯುತ್ತದೆ, ಎಷ್ಟು ಬಿಟ್ಟರೆ ಉಳಿಯುವುದಿಲ್ಲ?

ದೇವರು ನೆಲೆ ಬಿಟ್ಟು ಕದಲಬಹುದೇ ಎಂಬುದಕ್ಕೆ ಈ ಸೀಮೆಯಲ್ಲೇ ದೊಡ್ಡ ಉತ್ತರವಿದೆ. ಸಾಮಾನ್ಯವಾಗಿ ದೇವಸ್ಥಾನಗಳಲ್ಲಿ ಮೂಲಮೂರ್ತಿ ಗರ್ಭಗುಡಿಯಲ್ಲಿ ಅಚಲ. ಊರು ಸುತ್ತಲು ಉತ್ಸವಮೂರ್ತಿ ಬೇರೆಯಿರುತ್ತದೆ. ಶಿರಸಿಯ ಮಾರಿಕಾಂಬೆ ಹಾಗಲ್ಲ. ಎರಡು ವರ್ಷಕ್ಕೊಮ್ಮೆ ನಡೆಯುವ ಜಾತ್ರೆಯಲ್ಲಿ ಕಲ್ಯಾಣೋತ್ಸವ ಮುಗಿದ ಮೇಲೆ ಗರ್ಭಗುಡಿಯ ಮರದ ಮೂರ್ತಿಯೇ ರಥವೇರಿ ಬಿಡಕಿಬೈಲಿನ ಗದ್ದುಗೆಗೆ ಬರುತ್ತದೆ. ಜಾತ್ರೆಯಷ್ಟು ದಿನವೂ ದೇವಿ ಬಯಲಲ್ಲಿ, ಜನರ ನಡುವೆ. ದೇವಸ್ಥಾನದ ಒಳಗೆ ಬರಲು ಹಿಂಜರಿಯುತ್ತಿದ್ದವರೂ, ಒಂದು ಕಾಲದಲ್ಲಿ ಒಳಗೆ ಪ್ರವೇಶ ಸಿಗದವರೂ ಅಲ್ಲಿ ಆಕೆಯನ್ನು ಕಾಣುತ್ತಾರೆ. ಕೊನೆಯಲ್ಲಿ ಗದ್ದುಗೆಯ ಚಪ್ಪರಕ್ಕೆ ಬೆಂಕಿ. ಯುಗಾದಿಯ ದಿನ ಮರುಪ್ರತಿಷ್ಠೆಯಾಗುವವರೆಗೆ ಗರ್ಭಗುಡಿ ಬರಿದಾಗಿಯೇ ಇರುತ್ತದೆ. ಮೂಲವೇ ಹೊರಟು ಜನರ ಬಳಿ ಬರಬಹುದು. ಅದರಿಂದ ಮೂಲಕ್ಕೆ ಕುಂದಿಲ್ಲ. ಗಾಂಧಿ ಚಳವಳಿಯ ಪ್ರಭಾವದಲ್ಲಿ 1930ರ ದಶಕದಲ್ಲಿ ಇಲ್ಲಿ ಕೋಣನ ಬಲಿಯೂ ನಿಂತಿತು. ವಿಧಿ ಬದಲಾದರೂ ಜಾತ್ರೆ ಉಳಿಯಿತು.

ಕಲೆಯ ಕಡೆಯಿಂದಲೂ ಇಂಥದೇ ಉತ್ತರ ಸಿಗುತ್ತದೆ. ನಾಟ್ಯಶಾಸ್ತ್ರದ ಮೊದಲ ಅಧ್ಯಾಯದ ಕಥೆಯಲ್ಲಿ ನಾಟ್ಯದ ಮೊದಲ ಪ್ರಯೋಗ ನಡೆಯುವುದು ಇಂದ್ರನ ಧ್ವಜೋತ್ಸವದಲ್ಲಿ. ಕಥಾವಸ್ತು ಅಸುರರ ಸೋಲು. ನೋಡುವವರಲ್ಲಿ ಅಸುರರೂ ಇದ್ದಾರೆ. ಅವರು ಕೆರಳಿ ವಿಘ್ನ ಒಡ್ಡುತ್ತಾರೆ. ಬ್ರಹ್ಮ ಅವರನ್ನು ಹೊರಗಟ್ಟಿ ಸುಮ್ಮನಾಗುವುದಿಲ್ಲ. ಇದು ನಿಮ್ಮನ್ನು ಹೀಗಳೆಯಲು ಮಾಡಿದ್ದಲ್ಲ, ಮೂರು ಲೋಕಗಳ ಭಾವವೂ ಇದರಲ್ಲಿದೆ ಎಂದು ತಿಳಿಹೇಳುತ್ತಾನೆ. ಗ್ರಂಥದ ಕೊನೆಯಲ್ಲಿ, ಸ್ವರ್ಗವನ್ನಾಳಲು ಹೋದ ನಹುಷ ನಾಟ್ಯವನ್ನು ಭೂಮಿಗೂ ಕಳಿಸಿಕೊಡಬೇಕೆಂದು ಬೇಡುತ್ತಾನೆ. ಭರತನ ಮಕ್ಕಳು ಇಳಿದು ಬರುತ್ತಾರೆ. ಪರಂಪರೆ ಹೇಳುವ ಪ್ರಕಾರ ನಾಟ್ಯವೇ ಒಂದು ಲೋಕದಿಂದ ಇನ್ನೊಂದು ಲೋಕದ ಪ್ರೇಕ್ಷಕರನ್ನು ಹುಡುಕಿ ಬಂದದ್ದು. ಆದರೆ ಅದೇ ಶಾಸ್ತ್ರ ಒಂದು ಷರತ್ತನ್ನೂ ಇಡುತ್ತದೆ: ರಂಗಪೂಜೆ ಮಾಡದೆ ಪ್ರಯೋಗಕ್ಕಿಳಿದರೆ ಅದು ನಿಷ್ಫಲ. ಹೋಗಬಹುದು, ಪೂಜೆ ಬಿಡುವಂತಿಲ್ಲ.

ಆಟ ಕಡಲು ದಾಟಿದ ಚರಿತ್ರೆಯಲ್ಲಿ ಈ ಷರತ್ತು ಹೇಗೆ ನಡೆಯಿತೆಂದು ನೋಡಬೇಕು. ಶಿವರಾಮ ಕಾರಂತರು ಉಡುಪಿಯಲ್ಲಿ ಯಕ್ಷರಂಗ ಕಟ್ಟಿ, ಇಡೀ ರಾತ್ರಿಯ ಪ್ರಸಂಗಗಳನ್ನು ಎರಡು ಗಂಟೆಯೊಳಗಿನ ನೃತ್ಯರೂಪಕ್ಕಿಳಿಸಿದರು. ಹಿಮ್ಮೇಳಕ್ಕೆ ಪಿಟೀಲು, ಸ್ಯಾಕ್ಸೊಫೋನ್ ಸೇರಿಸಿದರು, ಮಾತನ್ನು ಬಿಟ್ಟರು. ಭಾಷೆ ಬಾರದವರಿಗೂ ಮುಟ್ಟುವ ಯಕ್ಷಗಾನ ಅವರ ಗುರಿ. ತಂಡ ಪರದೇಶಗಳಲ್ಲಿ ಮೆಚ್ಚುಗೆ ಪಡೆಯಿತು. ಇನ್ನೊಂದು ದಾರಿ ಹೊನ್ನಾವರ ತಾಲ್ಲೂಕಿನ ಕೆರೆಮನೆಯದು. ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಸ್ಥಾಪಿಸಿದ ಇಡಗುಂಜಿ ಮಹಾಗಣಪತಿ ಯಕ್ಷಗಾನ ಮಂಡಳಿ ಮಗ ಶಂಭು ಹೆಗಡೆ, ಮೊಮ್ಮಗ ಶಿವಾನಂದ ಹೆಗಡೆಯವರ ಕೈಯಲ್ಲಿ ಬೆಳೆದು ಹಲವು ದೇಶಗಳಲ್ಲಿ ಆಡಿತು. ಅಮೂರ್ತ ಪರಂಪರೆಯ ರಕ್ಷಣೆಗಾಗಿ ಸಲಹೆ ನೀಡುವ ಸಂಸ್ಥೆಯಾಗಿ ಯುನೆಸ್ಕೊದ ಮಾನ್ಯತೆ ಅದಕ್ಕೆ 2024ರಲ್ಲಿ ದೊರೆಯಿತು. ಇಷ್ಟಾದರೂ ಮೇಳದ ಹೆಸರಿನಲ್ಲಿ ಉಳಿದದ್ದು ಇಡಗುಂಜಿಯ ಗಣಪನೇ. ದೇಶವಿದೇಶ ಸುತ್ತಿದ ಶಂಭು ಹೆಗಡೆಯವರು 2009ರ ಫೆಬ್ರವರಿಯಲ್ಲಿ ಇಡಗುಂಜಿಯ ಉತ್ಸವದ ಆಟದಲ್ಲಿ ರಾಮನ ಪಾತ್ರ ಮಾಡುತ್ತಿದ್ದಾಗ ಅಸ್ವಸ್ಥರಾಗಿ ತೀರಿಕೊಂಡರು.

ಹಾಗಾದರೆ ಪೂಜೆ ಉಳಿದರೆ ಎಲ್ಲವೂ ಉಳಿಯಿತೇ? ಇಲ್ಲಿಯವರೆಗಿನ ವಾದ ದೇವರ ಸುತ್ತ ಸುತ್ತಿತು. ದೇವರ ವಿಷಯದಲ್ಲಿ ಆತಂಕಕ್ಕೆ ಕಾರಣ ಕಡಿಮೆ. ಗಣಪತಿಯ ಪೆಟ್ಟಿಗೆ ವಿಮಾನದ ಸಾಮಾನಿನಲ್ಲಿ ಹೋಗಬಲ್ಲದು. ಸಾಗಿಸಲು ನಿಜವಾಗಿ ಕಷ್ಟವಾದದ್ದು ಬೇರೆಯದು. ಅದನ್ನು ಶಿರಸಿ, ಸಿದ್ದಾಪುರ, ಯಲ್ಲಾಪುರದ ತಾಳಮದ್ದಳೆಯ ಜಗಲಿ ಚೆನ್ನಾಗಿ ಬಲ್ಲುದು.

ವಾಲಿಯ ಪ್ರಸಂಗವನ್ನೇ ತೆಗೆದುಕೊಳ್ಳಿ. ಬಾಣ ನಾಟಿದ ವಾಲಿ ನೆಲಕ್ಕೊರಗಿದ್ದಾನೆ, ರಾಮ ಎದುರಿಗೆ ಬಂದು ನಿಂತಿದ್ದಾನೆ. ವಾಲ್ಮೀಕಿಯ ಕಿಷ್ಕಿಂಧಾಕಾಂಡದಲ್ಲಿ ವಾಲಿಯ ಆಪಾದನೆಗಳು ಒಂದರ ಹಿಂದೊಂದು ಬರುತ್ತವೆ. ನಿನ್ನ ನಾಡಿಗಾಗಲಿ ನಿನಗಾಗಲಿ ನಾನು ಕೇಡು ಮಾಡಿಲ್ಲ. ಇನ್ನೊಬ್ಬನೊಡನೆ ಹೋರಾಡುತ್ತಿದ್ದವನನ್ನು ಮರೆಯಲ್ಲಿ ನಿಂತು ಹೊಡೆದೆ. ನನ್ನ ಮಾಂಸ ತಿನ್ನಲಾಗದು, ನನ್ನ ಚರ್ಮ ತೊಡಲಾಗದು. ಸೀತೆಯನ್ನು ತರಬೇಕಿದ್ದರೆ ನನ್ನನ್ನೇ ಕೇಳಬಹುದಿತ್ತಲ್ಲ? ರಾಮನ ಉತ್ತರವೂ ಕಡಿಮೆಯದಲ್ಲ. ಈ ಭೂಮಿ ಇಕ್ಷ್ವಾಕುಗಳದ್ದು, ಭರತನ ಆಳ್ವಿಕೆಯಲ್ಲಿ ಧರ್ಮ ಕಾಯುವುದು ನಮ್ಮ ಹೊಣೆ; ತಮ್ಮನ ಹೆಂಡತಿಯನ್ನು ಇಟ್ಟುಕೊಂಡವನಿಗೆ ಇದೇ ದಂಡ. ಭಾಗವತರು ಪದ್ಯ ಮುಗಿಸಿದ ಮೇಲೆ ಇದನ್ನೆಲ್ಲ ಅರ್ಥಧಾರಿಗಳು ಆ ಕ್ಷಣದ ಸ್ಫೂರ್ತಿಯಿಂದ ಬೆಳೆಸುತ್ತಾರೆ. ಬರೆದಿಟ್ಟ ಮಾತಿಲ್ಲ. ಒಂದು ರಾತ್ರಿ ವಾಲಿಯ ಅರ್ಥ ಗಟ್ಟಿಯಾಗಿ, ರಾಮನ ಉತ್ತರ ತೊದಲಿದಂತೆ ಕೇಳಬಹುದು. ಇನ್ನೊಂದು ರಾತ್ರಿ ಅದರ ತಿರುಗುಮುರುಗು.

ಕೇಳಲು ಕುಳಿತವರು ರಾಮಭಕ್ತರೇ. ಬೆಳಿಗ್ಗೆ ಎದ್ದು ರಾಮನಾಮ ಹೇಳುವವರೇ. ಆದರೂ ವಾಲಿಯ ಮಾತಿಗೆ ತಲೆದೂಗುತ್ತಾರೆ, ರಾಮನಿಂದ ತಕ್ಕ ಉತ್ತರ ನಿರೀಕ್ಷಿಸುತ್ತಾರೆ, ಅದು ಬರದಿದ್ದರೆ ಮರುದಿನ ಅಡಿಕೆ ಸುಲಿಯುವ ಕಡೆ ಅದೇ ಚರ್ಚೆ. ದೇವರನ್ನು ನಂಬುತ್ತಲೇ ದೇವರನ್ನು ಪ್ರಶ್ನಿಸುವ, ಪ್ರಶ್ನಿಸಿಯೂ ನಂಬಿಕೆ ಕಳೆದುಕೊಳ್ಳದ ಈ ಕೇಳ್ಮೆ ಯಕ್ಷಗಾನದ ಧರ್ಮದ ಅರ್ಧ ಭಾಗ. ಚೌಕಿಯ ಪೂಜೆಯಲ್ಲಿ ಕಲಾವಿದ ತನ್ನನ್ನು ಒಪ್ಪಿಸಿಕೊಳ್ಳುತ್ತಾನೆ. ವಾಲಿಯ ಪ್ರಶ್ನೆಯನ್ನು ತನ್ನದಾಗಿಸಿಕೊಂಡಾಗ ಪ್ರೇಕ್ಷಕ ಆ ಸೇವೆಯಲ್ಲಿ ಪಾಲು ಪಡೆಯುತ್ತಾನೆ. ಎರಡರಲ್ಲಿ ಒಂದು ಇಲ್ಲವಾದರೂ ಸೇವೆ ಅರೆಬರೆ.

ಪರದೇಶದ ವೇದಿಕೆಯಲ್ಲಿ ಮೊದಲು ಕತ್ತರಿ ಬೀಳುವುದು ಎರಡಕ್ಕೆ: ಪೂರ್ವರಂಗಕ್ಕೆ ಮತ್ತು ಮಾತಿಗೆ. ಕೋಡಂಗಿ, ಬಾಲಗೋಪಾಲ, ಸ್ತ್ರೀವೇಷಗಳ ಸಾಲು ಹೋಗುತ್ತದೆ. ವಾಲಿ ಸುಗ್ರೀವರ ಕಾಳಗ ಉಳಿಯುತ್ತದೆ, ಏಕೆಂದರೆ ಅದು ಯಾರಿಗಾದರೂ ಅರ್ಥವಾಗುತ್ತದೆ. ಚಂಡೆಯ ಏರು, ಕಿರೀಟದ ಹೊಳಪು, ಮಂಡಿಯ ಸುತ್ತು, ಇವಕ್ಕೆ ಅನುವಾದ ಬೇಡ. ರಗ್ಬಿಯ ನಿಯಮವನ್ನು ವಿಡಿಯೋದಲ್ಲಿ ಹೇಳಿ ಮುಗಿಸಬಹುದು; ಆರು ಬಾರಿ ಹಿಡಿತಕ್ಕೆ ಸಿಕ್ಕ ಮೇಲೆ ಚೆಂಡು ಎದುರಾಳಿಗೆ ಎಂದರೆ ನೋಡುವವನಿಗೆ ಆಟದ ದಾರಿ ತೆರೆದಂತೆ. ವಾಲಿಯ ಪ್ರಶ್ನೆಗೆ ಅಂಥ ಚಿಕ್ಕ ದಾರಿಯಿಲ್ಲ. ರಾಮ ಯಾರಿಗೆ ಏನಾಗಿದ್ದಾನೆಂದು ತಿಳಿಯದವನಿಗೆ ಆ ಪ್ರಶ್ನೆಯ ನೋವು ತಾಗುವುದು ಕಷ್ಟ. ಕಾರಂತರ ಪ್ರಯೋಗದ ಮೇಲೆ ಗೌರವವಿಟ್ಟುಕೊಂಡೇ ಒಂದು ಮಾತು ಹೇಳಬೇಕು: ಮಾತಿಲ್ಲದ ಯಕ್ಷಗಾನ ಪ್ರೇಕ್ಷಕರನ್ನು ಗಳಿಸುತ್ತದೆ, ಪ್ರಶ್ನೆಯನ್ನು ಬಿಟ್ಟುಕೊಡುತ್ತದೆ.

ಹಾಗೆಂದು ಹೊರಗಿನವರಿಗೆ ಈ ಬಾಗಿಲು ಮುಚ್ಚಿದೆ ಎನ್ನಲು ಚರಿತ್ರೆ ಒಪ್ಪುವುದಿಲ್ಲ. ಅಮೆರಿಕದ ಮಾರ್ತಾ ಆಷ್ಟನ್ ಉಡುಪಿಗೆ ಬಂದು, ಮದ್ದಳೆಯ ಹಿರಿಯಡಕ ಗೋಪಾಲ ರಾಯರಂಥವರ ಬಳಿ ಕಲಿತು, ವೇಷ ಕಟ್ಟಿ ಕುಣಿದರು. ಬ್ರೂಸ್ ಕ್ರಿಸ್ಟಿಯವರೊಡನೆ ಅವರು ಬರೆದ ಯಕ್ಷಗಾನದ ಪುಸ್ತಕ 1977ರಲ್ಲಿ ಬಂತು. ಗೋಪಾಲ ರಾಯರು ಅಮೆರಿಕಕ್ಕೂ ಹೋಗಿ ಕಲಿಸಿದರು. ಆಟ ನೋಡಿ ಎದ್ದುಹೋಗುವ ಪ್ರೇಕ್ಷಕರನ್ನು ಬಿಟ್ಟು, ಕಲಿಯಲು ಕೂರುವ ಒಬ್ಬ ವಿದ್ಯಾರ್ಥಿಯನ್ನು ಗಳಿಸಿದಾಗ ಆಟ ನಿಜವಾಗಿ ಕಡಲು ದಾಟಿತು. ಶಂಭು ಹೆಗಡೆಯವರು 1986ರಲ್ಲಿ ಗುಣವಂತೆಯಲ್ಲಿ ಶ್ರೀಮಯ ಯಕ್ಷಗಾನ ರಂಗಶಿಕ್ಷಣ ಕೇಂದ್ರ ತೆರೆದದ್ದರ ಹಿಂದೆಯೂ ಇದೇ ಅರಿವು ಕಾಣುತ್ತದೆ: ಮೇಳ ತಿರುಗುತ್ತಿರಲಿ, ಕಲಿಸುವ ಒಂದು ನೆಲೆ ಅಲುಗದೆ ಇರಲಿ.

ಈ ದೃಷ್ಟಿಯಿಂದ ನೋಡಿದರೆ ಯುಎಇ, ಅಮೆರಿಕದ ಕನ್ನಡ ಕುಟುಂಬಗಳು ವಾರಾಂತ್ಯದಲ್ಲಿ ಮಕ್ಕಳಿಗೆ ತಾಳ ಹೇಳಿಕೊಡುವ ತರಗತಿಗಳು ದೊಡ್ಡ ಸಭಾಂಗಣದ ಪ್ರದರ್ಶನಗಳಿಗಿಂತ ಹೆಚ್ಚಿನ ಕೆಲಸ. ಅಲ್ಲಿ ಬೆಳೆದ ಹುಡುಗಿಯೊಬ್ಬಳು ಕನ್ನಡ ತಡವರಿಸುತ್ತಲೇ ವಾಲಿಯ ಅರ್ಥ ಹೇಳಲು ಹೊರಟರೆ, ಅವಳು ಮೊದಲು ರಾಮನ ಬಗ್ಗೆ ತನಗೇನನ್ನಿಸುತ್ತದೆಂದು ತನ್ನನ್ನೇ ಕೇಳಿಕೊಳ್ಳಬೇಕಾಗುತ್ತದೆ. ತರಗತಿಯ ಸಹಪಾಠಿಗಳು ಅವಳ ಎದುರು ರಾಮನಾಗಿ ಉತ್ತರ ಹುಡುಕಬೇಕಾಗುತ್ತದೆ. ಯಕ್ಷಗಾನವನ್ನು ಇಂಗ್ಲಿಷಿನಲ್ಲಿ ಆಡಿದ ಪ್ರಯತ್ನಗಳು ಕರಾವಳಿಯಲ್ಲೇ ನಡೆದಿವೆ. ಭಾಷೆ ಬದಲಾದಾಗ ಪದ್ಯದ ಸೊಗಸು ಎಷ್ಟೋ ಸೋರುತ್ತದೆ, ಆದರೆ ವಾದ ಸೋರಬೇಕಾಗಿಲ್ಲ. ವಾಲಿಯ ಪ್ರಶ್ನೆ ಹುಟ್ಟಿದ್ದೂ ಸಂಸ್ಕೃತದಲ್ಲಿ. ಕನ್ನಡಕ್ಕೆ ಬಂದು ಅದು ಬಡವಾಗಲಿಲ್ಲ.

ಇನ್ನೊಂದು ಕಡೆಯನ್ನೂ ನೋಡಬೇಕು. ಪರದೇಶದ ಪ್ರೇಕ್ಷಕನಿಗೆ ರಾಮ ಅಪರಿಚಿತನೆಂದು ಚಿಂತಿಸುವ ಹೊತ್ತಿಗೆ, ಘಟ್ಟದ ಮೇಲಿನ ಮನೆಗಳಲ್ಲಿ ವಯಸ್ಸಾದ ದಂಪತಿ ಇಬ್ಬರೇ ಉಳಿದಿದ್ದಾರೆ. ಆಟಕ್ಕೆ ಬಂದ ಹುಡುಗರಲ್ಲಿ ಹಲವರು ಒಂದು ಪದ್ಯ, ಒಂದು ಕುಣಿತವನ್ನು ಮೊಬೈಲಿನಲ್ಲಿ ಹಿಡಿದು ಹೊರಡುತ್ತಾರೆ. ಅರ್ಥಗಾರಿಕೆ ಉದ್ದವಾದರೆ ಇಲ್ಲಿಯೂ ಜನ ಮಿಸುಕಾಡುತ್ತಾರೆ. ಹೊಸ ಪ್ರೇಕ್ಷಕರು ಕಡಲಾಚೆ ಮಾತ್ರ ಇಲ್ಲ. ಇದೇ ತಾಲ್ಲೂಕುಗಳಲ್ಲಿ ಬೆಳೆಯುತ್ತಿದ್ದಾರೆ. ಮಾರಿಕಾಂಬೆಯ ಗರ್ಭಗುಡಿ ಯುಗಾದಿಗೆ ತುಂಬುವುದು ಮರುಪ್ರತಿಷ್ಠೆ ಮಾಡುವವರು ಊರಲ್ಲಿ ಇರುವುದರಿಂದ.

ಆದ್ದರಿಂದ ಹೊರದೇಶಕ್ಕೆ ಮೇಳ ಕರೆಸುವ ಸಂಘಗಳ ಮುಂದೆ ಮೂರು ಬೇಡಿಕೆ ಇಡುವುದು ನ್ಯಾಯ. ಸಮಯ ಎಷ್ಟೇ ಬಿಗಿಯಿರಲಿ, ಚೌಕಿಪೂಜೆ ಮತ್ತು ಪೂರ್ವರಂಗದ ಒಂದು ಭಾಗವನ್ನು ಬಿಡಬಾರದು. ಸಾಧ್ಯವಾದರೆ ಚೌಕಿಯ ಮರೆಯನ್ನು ಸರಿಸಿ ಹೊಸಬರಿಗೂ ಅದನ್ನು ತೋರಿಸಬೇಕು. ಪ್ರತಿ ಪ್ರಸಂಗದಲ್ಲಿ ಒಂದು ಸಂವಾದವನ್ನಾದರೂ ಕತ್ತರಿಸದೆ ಇಟ್ಟು, ಪರದೆಯ ಮೇಲೆ ಅದರ ಅನುವಾದ ಕೊಡಬೇಕು. ಮೇಳ ಹೊರಟ ಪ್ರತಿ ಪ್ರವಾಸದ ಗಳಿಕೆಯಲ್ಲಿ ಒಂದು ಪಾಲು ತವರಿನ ಶಾಲೆಗಳಲ್ಲಿ ಮಕ್ಕಳಿಗೆ ಅರ್ಥಗಾರಿಕೆ ಕಲಿಸಲು ಮೀಸಲಾಗಬೇಕು. ಹರಕೆ ಹೊತ್ತವರು ಈಗ ಕ್ಯಾಲಿಫೋರ್ನಿಯಾದಲ್ಲಿದ್ದರೆ ಅಲ್ಲಿಯೇ ಆಟ ಆಡಿಸಲಿ. ಅದರ ಜೊತೆಗೆ ಇಡಗುಂದಿಯಂಥ ಊರಿನ ಒಂದು ಮಳೆಗಾಲದ ತಾಳಮದ್ದಳೆಯ ಖರ್ಚನ್ನೂ ಅವರೇ ಹೊರಲಿ, ಆ ರಾತ್ರಿಯ ಪ್ರಸಂಗ ವಾಲಿವಧೆಯಾಗಿರಲಿ, ಅರ್ಥ ಹೇಳಲು ಇಪ್ಪತ್ತರ ಹುಡುಗರನ್ನು ಕೂರಿಸಲಿ.